ಅರಳಿ ಮರ ಮತ್ತು ಎಡಗಡೆಯ ಮೋಟರು

ಮೊದಲ ಸಲ ನಮ್ಮ ಚಿತ್ರ ಬರೆಯುವ ಯಂತ್ರ ನಿಂತದ್ದು ಹನ್ನೊಂದನೇ ಎಲೆಯ ಮೇಲೆ. ಎಲೆಯ ಒಂದು ಮಗ್ಗುಲು ಬರೆದು, ತುದಿಯ ಬಾಲವನ್ನು ಉದ್ದಕ್ಕೆ ಎಳೆದು, ಇನ್ನೊಂದು ಮಗ್ಗುಲಿಗೆ ಹೋಗಲೆಂದು ಬಣ್ಣದ ಬಾಟಲಿಯನ್ನು ಗೋಡೆಯಿಂದ ಎತ್ತಿತು. ಎತ್ತಿದ್ದು ಹಾಗೇ ನಿಂತುಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ಸಂಪರ್ಕ ಕಡಿದಿದೆ ಎಂಬ ಕೆಂಪು ಸಾಲು ಮೂಡಿತು. ತಂಗಿಯ ಗಂಡ ಕುರ್ಚಿಯಿಂದ ಏಳಲಿಲ್ಲ. ಗೋಡೆಯ ಕಡೆ ನೋಡಲೂ ಇಲ್ಲ.

"ವೈರಿಂಗ್ ಎಲ್ಲೋ ಲೂಸ್ ಇರ್ಬೇಕು ಅಕ್ಕ, ನೋಡ್ಬಿಡಿ," ಅಂದರು.

ಹಜಾರದಲ್ಲಿ ಚಾಪೆ ಹಾಸುತ್ತಿದ್ದ ಹೆಂಗಸರು, ಬಾಗಿಲಲ್ಲಿ ನಿಂತಿದ್ದ ಬುದ್ಧ ವಿಹಾರದ ಅಧ್ಯಕ್ಷರು, ನನ್ನ ತಂಗಿ, ಎಲ್ಲರೂ ನನ್ನ ಕಡೆ ತಿರುಗಿದರು. ಯಾಕೆಂದರೆ ವೈರಿಂಗ್ ನನ್ನದು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಈ ಯಂತ್ರವನ್ನು ನಾವಿಬ್ಬರೂ ಹಿಂದಿನ ವರ್ಷ ಬರೀ ಹವ್ಯಾಸಕ್ಕೆಂದು ಮಾಡಿದ್ದು. ಗೋಡೆಯ ಮೇಲಿನ ಎರಡು ಮೂಲೆಗಳಲ್ಲಿ ಎರಡು ಮೋಟರು. ಒಂದೊಂದರಿಂದಲೂ ಒಂದೊಂದು ರಬ್ಬರಿನ ಹಲ್ಲುಪಟ್ಟಿ ಇಳಿಬಿದ್ದಿರುತ್ತದೆ. ಎರಡೂ ಪಟ್ಟಿ ಸೇರುವ ಕಡೆ ಒಂದು ಸಣ್ಣ ಹಲಗೆ, ಹಲಗೆಯ ಮೇಲೆ ಸ್ಪಂಜಿನ ಮೂತಿಯ ಬಣ್ಣದ ಬಾಟಲಿ. ಮೋಟರುಗಳು ಪಟ್ಟಿಯನ್ನು ಎಳೆದು ಬಿಟ್ಟು ಮಾಡಿದಂತೆ ಹಲಗೆ ಗೋಡೆಯ ಮೇಲೆಲ್ಲ ಓಡಾಡುತ್ತದೆ. ಬಾಟಲಿಯನ್ನು ಗೋಡೆಗೆ ಒತ್ತಲು, ಎತ್ತಲು ಹಲಗೆಯ ಮೇಲೇ ಇನ್ನೊಂದು ಪುಟ್ಟ ಮೋಟರು; ಅದಕ್ಕೆ ಸರ್ವೋ ಅನ್ನುತ್ತಾರೆ. ಎಲ್ಲಕ್ಕೂ ಅಪ್ಪಣೆ ಕೊಡುವ ಬೋರ್ಡು ಒಂದು, ಆ ಬೋರ್ಡಿಗೆ ಚಿತ್ರ ಕಳಿಸುವ ಲ್ಯಾಪ್‌ಟಾಪ್ ಒಂದು. ಗೋಡೆಗೆ ಅಂಟಿಕೊಂಡು ಓಡಾಡುತ್ತದೆಂದು ಮನೆಯಲ್ಲಿ ಅದಕ್ಕೆ ಹಲ್ಲಿ ಎಂದು ಹೆಸರು ಬಿದ್ದಿತ್ತು.

ತಂಗಿಯ ಗಂಡ ಸಾಫ್ಟ್‌ವೇರ್ ಇಂಜಿನಿಯರು, ಮನೆ ಕೆ.ಆರ್. ಪುರದಲ್ಲಿ. ಪ್ರೋಗ್ರಾಂ ಅವರದು, ಮೋಟರು, ವೈರು, ಕರೆಂಟು ನನ್ನದು. ಅವರ ಮನೆಯ ಹಾಲಿನಲ್ಲಿ ಕಂದು ಕಾಗದ ಅಂಟಿಸಿ ಒಂದು ವರ್ಷ ಹೂವು, ನವಿಲು, ರೈಲು ಎಂದು ಬರೆಸಿದೆವು. ತಂಗಿ ಅದರ ವಿಡಿಯೊವನ್ನು ನಮ್ಮ ತವರಿನ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಲಿಂಗರಾಜಪುರದ ನಮ್ಮ ಬುದ್ಧ ವಿಹಾರದ ಅಧ್ಯಕ್ಷರು ಅದನ್ನು ನೋಡಿ, ಬುದ್ಧ ಪೂರ್ಣಿಮೆಗೆ ಹಜಾರದ ಎಡಗೋಡೆಯ ತುಂಬ ಒಂದು ಅರಳಿ ಮರ ಬರೆಸಿಕೊಡಿ ಎಂದು ಕೇಳಿದರು. ಇನ್ನೂರು ಚಿಲ್ಲರೆ ಎಲೆ. ಕಾಂಡ ಮತ್ತು ಕೊಂಬೆಗಳು ಮೊದಲ ದಿನ, ಶನಿವಾರ, ಬೆಳಗ್ಗೆಯೇ ಸಲೀಸಾಗಿ ಬಂದಿದ್ದವು. ಮಧ್ಯಾಹ್ನ ಎಲೆ ಶುರುಮಾಡಿದಾಗ ಇದು.

ನಾನು ಹೊಸ ತಿಪ್ಪಸಂದ್ರದ ಬಳಿಯ ಒಂದು ಸಣ್ಣ ಯೂನಿಟ್ಟಿನಲ್ಲಿ ಯಂತ್ರಗಳಿಗೆ ಬೇಕಾದ ವೈರಿನ ಕಟ್ಟು ಮಾಡುವವಳು. ವೈರಿನ ತುದಿಯ ಪ್ಲಾಸ್ಟಿಕ್ಕನ್ನು ಬಿಡಿಸಿ, ಲೋಹದ ಪಿನ್ನು ತೊಡಿಸಿ, ಇಕ್ಕಳದಂಥ ಟೂಲಿನಲ್ಲಿ ಒಂದೇ ಸಲ ಅದುಮಬೇಕು. ಇದಕ್ಕೆ ಕ್ರಿಂಪ್ ಅನ್ನುತ್ತೇವೆ. ಸರಿಯಾಗಿ ಬಿದ್ದ ಕ್ರಿಂಪನ್ನು ಎಳೆದರೆ ವೈರು ತುಂಡಾಗಬೇಕೇ ಹೊರತು ಪಿನ್ನು ಜಾರಬಾರದು. ದಿನಕ್ಕೆ ನೂರಾರು ಮಾಡುತ್ತೇನೆ. ಕಣ್ಣು ಮುಚ್ಚಿಕೊಂಡು ಕೈಯಿಂದಲೇ ಕೆಟ್ಟ ಕ್ರಿಂಪನ್ನು ಗುರುತಿಸಬಲ್ಲೆ. ಹಾಗಿರುವಾಗ, ನೋಡದೆ, ಕೂತಲ್ಲಿಂದ, ವೈರಿಂಗ್ ಲೂಸು ಎಂದರೆ ನನಗೆ ಹೇಗಾಗಬೇಕು?

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಯೂನಿಟ್ಟಿನಿಂದ ಹೋದ ಒಂದು ಕಟ್ಟು ವಾಪಸ್ ಬಂತು. ಸೂಪರ್‌ವೈಸರು ನನ್ನ ಮುಂದೆ ಒಂದು ಕಾಗದ ಇಟ್ಟು, "ನಿಂದೇ ಬೆಂಚು ಅಲ್ವೇನಮ್ಮ, ಸೈನ್ ಮಾಡು, ಇಲ್ಲಿಗೇ ಮುಗಿದೋಗತ್ತೆ," ಅಂದ. ನನ್ನ ಕ್ರಿಂಪು ತಪ್ಪಾಗಿತ್ತು ಎಂದು ಅದರಲ್ಲಿ ಬರೆದಿತ್ತು. ಕಟ್ಟನ್ನು ತೋರಿಸಿ ಎಂದೆ. ತೋರಿಸಲಿಲ್ಲ. ಸೈನ್ ಮಾಡಿದೆ. ತಿಂಗಳುಗಳಾದ ಮೇಲೆ ಪಿನ್ನುಗಳ ಆ ಪ್ಯಾಕೆಟ್ಟೇ ಕೆಟ್ಟದ್ದಿತ್ತೆಂದು ತಿಳಿಯಿತು. ನನ್ನನ್ನು ಯಾರೂ ಕರೆದು ಹೇಳಲಿಲ್ಲ, ಬೇರೆ ಬೆಂಚಿನವಳಿಂದ ತಿಳಿದದ್ದು. ನೋಡದೆ ಹೇಳುವವರ ಮಾತಿಗೆ ಇನ್ನೊಮ್ಮೆ ಬಗ್ಗುವುದಿಲ್ಲ ಎಂದು ಅವತ್ತೇ ಅಂದುಕೊಂಡಿದ್ದೆ.

ಆ ಶನಿವಾರ ಮತ್ತೆ ಮೂರು ಸಲ ಮೊದಲ ಎಲೆಯಿಂದ ಶುರುಮಾಡಿದೆವು. ಮೂರು ಸಲವೂ ಎರಡೋ ನಾಲ್ಕೋ ಎಲೆಯಾದ ಮೇಲೆ ನಿಂತಿತು. ಬೋರ್ಡು, ಲ್ಯಾಪ್‌ಟಾಪು, ಕೇಬಲ್ಲು, ಮೋಟರು ಎಲ್ಲ ಕಳಚಿ ಚೀಲಕ್ಕೆ ತುಂಬಿಕೊಂಡು ನಾನು ಮನೆಗೆ ಬಂದೆ. ಮಾರನೇ ದಿನ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಕೆಳಗಿನ ಗೋಡೆಗೆ ಹಲ್ಲಿಯನ್ನು ಕಟ್ಟಿ ಪರೀಕ್ಷೆಗೆ ಕೂತೆ.

ಒಟ್ಟು ಇಪ್ಪತ್ತೆರಡು ಕ್ರಿಂಪುಗಳು. ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಸಾಲು ಗೀಚಿ ಒಂದೊಂದನ್ನೇ ಮೀಟರಿನಿಂದ ನೋಡಿದೆ. ವೈರಿನ ಈ ತುದಿಗೊಂದು ಮೊನೆ, ಆ ತುದಿಗೊಂದು ಮೊನೆ ಇಟ್ಟರೆ ಮೀಟರು ಬೀಪ್ ಅನ್ನಬೇಕು. ಎಲ್ಲವೂ ಅಂದವು. ಆಮೇಲೆ ಎಳೆದು ನೋಡಿದೆ. ಇಪ್ಪತ್ತೆರಡು ಸಾಲಿಗೂ ಟಿಕ್ ಬಿತ್ತು. ಆ ಪುಟದ ಫೋಟೊ ತೆಗೆದು ತಂಗಿಯ ಗಂಡನಿಗೆ ಕಳಿಸಿದೆ. ಅವರು ಹೆಬ್ಬೆರಳಿನ ಗುರುತೊಂದನ್ನು ಒತ್ತಿದರು. ಆ ಹೆಬ್ಬೆರಳನ್ನು ನೋಡಿ ಇನ್ನಷ್ಟು ಉರಿಯಿತು.

ವೈರು ಸರಿ ಇದ್ದರೆ ಮತ್ತೇನು? ಉಳಿದದ್ದು ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಹೋಗುವ ಕೇಬಲ್ಲು. ಅದು ಕೊಂಡು ತಂದದ್ದು, ಸಿಕ್ಕಾಪಟ್ಟೆ ಉದ್ದ. ಬುಧವಾರ ಕೆಲಸ ಮುಗಿಸಿ ಶಿವಾಜಿನಗರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಳೆಯ ರೇಡಿಯೊ, ಚಾರ್ಜರು, ಕೇಬಲ್ಲು ಗುಡ್ಡೆ ಹಾಕಿಕೊಂಡು ಕೂರುವ ಒಬ್ಬರಿದ್ದಾರೆ. ನನ್ನ ಕೇಬಲ್ಲನ್ನು ಎರಡು ಬೆರಳಿನಲ್ಲಿ ಹೊಸಕಿ ನೋಡಿದರು.

"ಇಷ್ಟುದ್ದ ಕಾಯ್ಕು ಮೇಡಂ? ಒಳಗಡೆ ತಂತಿ ಕೂದ್ಲು ಥರಾ ಇದೆ. ಆ ಕಡೆ ಮುಟ್ಟೋ ಹೊತ್ಗೆ ಕರೆಂಟೇ ಇರಲ್ಲ. ಛೋಟಾ ಲೇಲೋ."

"ಲ್ಯಾಪ್‌ಟಾಪ್ ದೂರ ಇರತ್ತೆ."

"ಟೇಬಲ್ ಎತ್ತಿ ಹತ್ರ ಇಡಿ. ಅಷ್ಟೇ ತಾನೆ?"

ಅಷ್ಟೇ ಹೌದು. ತಂಗಿಯ ಗಂಡ ಫ್ಯಾನಿನ ಕೆಳಗೆ ಕೂರಬೇಕೆಂದು ಆ ಉದ್ದದ ಕೇಬಲ್ಲು ತಂದದ್ದು. ಮೊಳಕ್ಕಿಂತ ಸ್ವಲ್ಪ ಉದ್ದದ, ದಪ್ಪನೆಯ ಒಂದನ್ನು ಕೊಂಡು ಬಂದೆ.

ಎರಡನೇ ಶನಿವಾರ ಟೇಬಲನ್ನು ಗೋಡೆಗೆ ಒತ್ತಿ ಇಟ್ಟೆವು. ಹಲ್ಲಿ ಹನ್ನೊಂದು ದಾಟಿತು, ಇಪ್ಪತ್ತು ದಾಟಿತು. ಅಧ್ಯಕ್ಷರು ಟೀ ತರಿಸಿದರು. ನಲವತ್ಮೂರನೇ ಎಲೆಯಲ್ಲಿ ನಿಂತಿತು. ಅದೇ ಕೆಂಪು ಸಾಲು.

"ಕೇಬಲ್ ಚೇಂಜ್ ಮಾಡಿದ್ಮೇಲೂ ಬಂತು ಅಂದ್ರೆ ಒಳಗಡೆ ವೈರಿಂಗೇ ಅಕ್ಕ," ಅಂದರು ತಂಗಿಯ ಗಂಡ. "ನನ್ನ ಕೋಡ್ ಮನೇಲಿ ಒಂದು ವರ್ಷದಿಂದ ಓಡ್ತಿದೆ."

"ನನ್ನ ವೈರೂ ಅದೇ ಮನೇಲಿ ಅಷ್ಟೇ ದಿನದಿಂದ ಓಡ್ತಿದೆಯಲ್ರೀ."

ಅಧ್ಯಕ್ಷರು ನಡುವೆ ಬಂದರು. ನನ್ನನ್ನು ಲಂಗ ಹಾಕಿಕೊಂಡು ಓಡಾಡುವಾಗಿನಿಂದ ಬಲ್ಲವರು, ನಾವೆಲ್ಲ ಮಾಮ ಎಂದೇ ಕರೆಯುವುದು. "ಜಗಳ ಯಾಕಮ್ಮ? ಅವರು ಇಂಜಿನಿಯರು, ಸುಮ್ನೆ ಹೇಳ್ತಾರಾ? ನೀನು ಒಂದ್ಸಲ ಸರಿಯಾಗಿ ನೋಡ್ಬಿಡು," ಅಂದರು.

ಸರಿಯಾಗಿ. ನಾನು ಎಲ್ಲವನ್ನೂ ಕಳಚಿ ಚೀಲಕ್ಕೆ ತುಂಬತೊಡಗಿದೆ. ಮಾತಾಡಿದ್ದರೆ ವಿಹಾರದಲ್ಲಿ ಆಡಬಾರದ್ದು ಬಾಯಿಂದ ಬರುತ್ತಿತ್ತು.

ಭಾನುವಾರ ಮತ್ತೆ ತಾರಸಿ. ಈ ಸಲ ವೈರನ್ನು ಮುಟ್ಟಲಿಲ್ಲ. ಓಡಿಸುವುದು, ನಿಂತಾಗ ಏನು ಮಾಡುತ್ತಿತ್ತೆಂದು ಬರೆಯುವುದು, ಅಷ್ಟೇ. ಏಳು ಸಲ ನಿಂತಿತು. ಏಳು ಸಾಲನ್ನು ಓದಿಕೊಂಡಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ಸಲವೂ ಗೆರೆ ಎಳೆಯುವಾಗ ನಿಂತಿರಲಿಲ್ಲ. ಏಳೂ ಸಲ ಬಾಟಲಿಯನ್ನು ಎತ್ತುವ ಗಳಿಗೆಯಲ್ಲೇ. ಸರ್ವೋದ ಪ್ಲಗ್ಗು ಕಿತ್ತು, ಬಾಟಲಿ ತೆಗೆದು, ಖಾಲಿ ಹಲಗೆಯನ್ನು ಓಡಿಸಿದೆ. ಒಂದೂವರೆ ಗಂಟೆ ಒಂದು ಸಲವೂ ಸಂಪರ್ಕ ಕಡಿಯಲಿಲ್ಲ. ಪ್ಲಗ್ಗು ಮತ್ತೆ ಚುಚ್ಚಿದೆ. ಹತ್ತು ನಿಮಿಷಕ್ಕೆ ನಿಂತಿತು. ನಿಲ್ಲುವ ಕ್ಷಣ ಬೋರ್ಡಿನ ಮೇಲಿನ ಸಣ್ಣ ದೀಪ ಆರಿ ಹತ್ತಿತು. ಸರ್ವೋ ಮೈಕೊಡವಿ ಎದ್ದಾಗ ಬೋರ್ಡಿನ ಕರೆಂಟನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಳ್ಳುತ್ತಿತ್ತು. ಬೋರ್ಡು ಮೂರ್ಛೆ ಹೋಗಿ ಮತ್ತೆ ಎಚ್ಚರಾಗುತ್ತಿತ್ತು. ಲ್ಯಾಪ್‌ಟಾಪು ಸಂಪರ್ಕ ಹೋಯಿತು ಅನ್ನುತ್ತಿತ್ತು. ಉದ್ದದ ಕೇಬಲ್ಲಿನಲ್ಲಿ ಬೇಗ, ಗಿಡ್ಡ ಕೇಬಲ್ಲಿನಲ್ಲಿ ತಡವಾಗಿ. ಕಾಂಡ ಬರೆಯುವಾಗ ಎತ್ತುವುದು ಕಡಿಮೆ, ಅದಕ್ಕೇ ಸಲೀಸಾಗಿ ಬಂದಿತ್ತು.

ಆದರೆ ವರ್ಷವಿಡೀ ಹೀಗೇಕಾಗಲಿಲ್ಲ? ಸರ್ವೋವನ್ನು ಹಲಗೆಯಿಂದ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡೆ. ನಾನು ಹಾಕಿದ್ದು ನೀಲಿ ಪ್ಲಾಸ್ಟಿಕ್ಕಿನ ಚಿಕ್ಕದು. ಇದು ಕಪ್ಪಗಿತ್ತು, ದೊಡ್ಡದಿತ್ತು, ಒಳಗೆ ಲೋಹದ ಹಲ್ಲು. ಬಾಟಲಿಯ ಹಿಂದೆ ಮರೆಯಾಗಿದ್ದುದರಿಂದ ಇಷ್ಟು ದಿನ ಗಮನಿಸಿರಲಿಲ್ಲ.

ಹನ್ನೆರಡೂವರೆಗೆ ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಅವರ ಮನೆಯಲ್ಲಿ ಊಟ ನಡೆಯುತ್ತಿತ್ತು. ತಂಗಿಯ ಗಂಡ, ಅವರ ತಾಯಿ ಕೂತಿದ್ದರು, ತಂಗಿ ಬಡಿಸುತ್ತಿದ್ದಳು. ಸರ್ವೋವನ್ನು ತಂಗಿಯ ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟೆ.

"ಇದನ್ನ ಯಾವಾಗ ಹಾಕಿದ್ರಿ?"

"ಬಾಟಲಿ ಫುಲ್ ಇದ್ರೆ ಚಿಕ್ಕದು ಎತ್ತಲ್ಲ ಅಕ್ಕ. ಅದಕ್ಕೇ ಹೋದ ತಿಂಗಳು ತರಿಸ್ದೆ."

"ನಂಗೆ ಹೇಳಿದ್ರಾ?"

"ಅದಕ್ಕೂ ಅದೇ ಮೂರು ವೈರು. ಪ್ಲಗ್ ಮಾಡಿದ್ರೆ ಆಯ್ತಲ್ಲ ಅಂತ..."

"ಎರಡು ಸಲ ಎಲ್ಲರ ಮುಂದೆ ವೈರಿಂಗ್ ಅಂದ್ರಿ. ಕೆಟ್ಟಿದ್ದು ವೈರಿಂಗ್ ಅಲ್ಲ, ನೀವು. ಬೋರ್ಡಿನ ಕರೆಂಟು ಇದಕ್ಕೆ ಸಾಲಲ್ಲ ಅನ್ನೋದು ಇಂಜಿನಿಯರಿಗೆ ಗೊತ್ತಿಲ್ವಾ?"

ಅವರ ತಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ತಂಗಿಯ ಗಂಡ ತಲೆ ತಗ್ಗಿಸಿ ಅನ್ನ ಕಲೆಸತೊಡಗಿದರು. ತಂಗಿ ನನ್ನನ್ನು ಅಡುಗೆಮನೆಗೆ ಕರೆದಳು.

"ಅವರಮ್ಮನ ಮುಂದೆ ಹೇಳೋದು ಬೇಕಿತ್ತಾ ಅಕ್ಕ?"

"ನಂಗೆ ಮಾಮನ ಮುಂದೆ ಹೇಳ್ಬೋದಾ?"

"ಅದಕ್ಕೆ ಇದಾ?"

ಅದಕ್ಕೆ ಇದು ಎಂದೇ ಹೇಳಿ, ಊಟ ಮಾಡದೆ ಹೊರಟೆ. ಹೋಗುವಾಗ ಎಷ್ಟು ಉರಿಯುತ್ತಿತ್ತೋ ಬರುವಾಗ ಅಷ್ಟೇ ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ. ಇಂದಿರಾನಗರದಲ್ಲಿ ಇಳಿದು ನಡೆದು ಬರುವಷ್ಟೂ ಹೊತ್ತು ಅವರು ಅನ್ನ ಕಲೆಸುತ್ತಿದ್ದ ಕೈಯನ್ನು ನೆನೆಸಿಕೊಂಡು ಖುಷಿಪಟ್ಟೆ.

ಪರಿಹಾರ ಸುಲಭದ್ದು. ಸರ್ವೋಗೆ ಬೇರೆಯೇ ಕರೆಂಟು, ಒಂದು ಹಳೆಯ ಫೋನ್ ಚಾರ್ಜರಿನಿಂದ. ಅಪ್ಪಣೆಯ ವೈರು ಮಾತ್ರ ಬೋರ್ಡಿನಿಂದ. ಚಾರ್ಜರಿನ ನೆಗೆಟಿವ್ ಮತ್ತು ಬೋರ್ಡಿನ ನೆಗೆಟಿವ್ ಎರಡನ್ನೂ ಸೇರಿಸಲೇಬೇಕು, ಇಲ್ಲದಿದ್ದರೆ ಸರ್ವೋಗೆ ಅಪ್ಪಣೆ ತಿಳಿಯದೆ ಅದುರುತ್ತಾ ಕೂರುತ್ತದೆ. ಹೊಸ ಕ್ರಿಂಪುಗಳನ್ನು ಹಾಕಿ ವಾರವಿಡೀ ಸಂಜೆ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ.

ಮೂರನೇ ಶನಿವಾರ ನಾನು ಸೆಟೆದುಕೊಂಡೇ ವಿಹಾರಕ್ಕೆ ಹೋದೆ. ತಂಗಿಯ ಗಂಡ ಬಂದಿದ್ದರು, ನಮಸ್ಕಾರ ಅಕ್ಕ ಎಂದದ್ದು ಬಿಟ್ಟರೆ ಮಾತಿಲ್ಲ. ಹಲ್ಲಿ ನಲವತ್ಮೂರರಿಂದ ಮುಂದಕ್ಕೆ ಹೊರಟಿತು. ಅರವತ್ತು, ಎಂಬತ್ತು. ಸರ್ವೋ ಟಕ್ ಎಂದು ಎತ್ತುವುದು, ಟಕ್ ಎಂದು ಒತ್ತುವುದು. ಮಧ್ಯಾಹ್ನ ತೊಂಬತ್ತಾರನೇ ಎಲೆ ಬರೆಯುತ್ತಿದ್ದಾಗ ಎಡಗಡೆಯ ಮೋಟರಿನಿಂದ ಗರಗರ ಎಂಬ ಸದ್ದು ಬಂತು. ಕಾಫಿ ಬೀಜ ಹುರಿದು ಮಿಷನ್ನಿಗೆ ಹಾಕಿದಂಥ ಸದ್ದು. ಮೋಟರು ತಿರುಗುವ ಬದಲು ಇದ್ದಲ್ಲೇ ಹಿಂದೆ ಮುಂದೆ ನಡುಗುತ್ತಿತ್ತು. ನಾನು ಸ್ವಿಚ್ಚಿಗೆ ಓಡುವಷ್ಟರಲ್ಲಿ ಎಡಗಡೆಯ ಪಟ್ಟಿ ಜಾರಿತು. ಹಲಗೆ ಬಲಕ್ಕೆ ವಾಲಿಕೊಂಡು ಕೆಳಗಿಳಿಯಿತು, ಬಾಟಲಿ ಗೋಡೆಗೆ ಒತ್ತಿಕೊಂಡೇ ಇತ್ತು. ಎಲೆಗಳ ಮೇಲಿಂದ, ಕೊಂಬೆಯ ಮೇಲಿಂದ, ಕಾಂಡಕ್ಕೆ ಅಡ್ಡಲಾಗಿ ಬೆರಳಗಲದ ಹಸಿರು ಗೆರೆ ಕಮಾನಿನ ಹಾಗೆ ಬಿತ್ತು. ಅದರ ಬುಡದಿಂದ ಬಣ್ಣ ಸೋರುತ್ತಿತ್ತು.

ನಾನು ತಂಗಿಯ ಗಂಡನ ಕಡೆ ನೋಡಿದೆ. ಈ ಸಲ ಅವರು ವೈರಿಂಗ್ ಅನ್ನಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಕೈಕಟ್ಟಿ ಕೂತರು. ಅಂದಿದ್ದರೇ ವಾಸಿಯಿತ್ತು.

"ಏನಾಯ್ತಮ್ಮ?" ಅಧ್ಯಕ್ಷರು ಕೇಳಿದರು.

"ಡ್ರೈವರ್ ಬಿಸಿಯಾಗಿರ್ಬೇಕು ಮಾಮ. ಸೆಕೆ ಇದೆಯಲ್ಲ," ಅಂದೆ. ಮೋಟರಿಗೆ ಕರೆಂಟನ್ನು ಅಳೆದು ಕೊಡುವ ಪುಟ್ಟ ಚಿಪ್ಪಿಗೆ ಡ್ರೈವರ್ ಅನ್ನುತ್ತಾರೆ. ಅದು ಕಾದರೆ ಕೈಬಿಡುವುದು ನಿಜ. ಆದರೆ ನಾನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ನೋಡದೆಯೇ ಹೇಳಿದೆ.

ಅಧ್ಯಕ್ಷರು ಗೋಡೆಯನ್ನು ದಿಟ್ಟಿಸಿ ನಿಟ್ಟುಸಿರು ಬಿಟ್ಟರು. "ನಾಡಿದ್ದಲ್ಲ, ಅದರ ಮುಂದಿನ ಸೋಮವಾರ ಪೂರ್ಣಿಮೆ. ಬುಧವಾರದವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸುಣ್ಣ ಹೊಡೆಸಿ ಒಂದು ಫ್ಲೆಕ್ಸ್ ಕಟ್ಟಿಸಿಬಿಡ್ತೀನಿ. ಅದ್ರಲ್ಲೂ ಮರ ಬರತ್ತೆ."

ಬುದ್ಧನ ಪಕ್ಕದಲ್ಲಿ ಫ್ಲೆಕ್ಸು. ಬೀದಿ ತುಂಬ ಹುಟ್ಟುಹಬ್ಬದ ಫ್ಲೆಕ್ಸುಗಳಿರುವುದು ಸಾಲದೆಂದು.

ಭಾನುವಾರ ಬೆಳಗ್ಗೆ ಡ್ರೈವರಿನಿಂದಲೇ ಶುರುಮಾಡಿದೆ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದೆ. ಡ್ರೈವರು ಕೆಟ್ಟಿದ್ದರೆ ರೋಗವೂ ಅದರ ಜೊತೆ ಬಲಕ್ಕೆ ಹೋಗಬೇಕು. ಹೋಗಲಿಲ್ಲ, ಗರಗರ ಎಡಗಡೆಯೇ ಉಳಿಯಿತು. ಪ್ರತಿಸಲವೂ ಕರೆಂಟು ಆರಿಸಿಯೇ ಬದಲಿಸಬೇಕು. ಓಡುತ್ತಿರುವಾಗ ಮೋಟರಿನ ಪ್ಲಗ್ಗು ಕಿತ್ತರೆ ಡ್ರೈವರು ಸುಟ್ಟುಹೋಗುತ್ತದೆ. ಆಮೇಲೆ ಮೋಟರುಗಳನ್ನೇ ಅದಲು ಬದಲು ಮಾಡಿದೆ, ಕೇಬಲ್ಲುಗಳನ್ನು ಇದ್ದಲ್ಲೇ ಬಿಟ್ಟೆ. ಬಲಗಡೆಯ ಒಳ್ಳೆಯ ಮೋಟರು ಎಡಕ್ಕೆ ಬಂದು ನಡುಗತೊಡಗಿತು. ಎಡಗಡೆಯದು ಬಲಕ್ಕೆ ಹೋಗಿ ಚೆನ್ನಾಗಿ ತಿರುಗಿತು.

ಡ್ರೈವರಲ್ಲ, ಮೋಟರಲ್ಲ. ಉಳಿದದ್ದು ಎಡಗಡೆಯ ಕೇಬಲ್ಲು. ಅಂದರೆ ವೈರಿಂಗು.

ಸ್ವಲ್ಪ ಹೊತ್ತು ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಮೇಲೆ ಮೀಟರು ಹಿಡಿದೆ. ನಾಲ್ಕು ವೈರು, ನಾಲ್ಕೂ ಬೀಪ್ ಅಂದವು. ಬೀಪ್ ಅನ್ನುತ್ತಿರುವಾಗಲೇ ಕೇಬಲ್ಲನ್ನು ಅಂಗುಲ ಅಂಗುಲ ಬಗ್ಗಿಸುತ್ತಾ ಬಂದೆ. ಮೋಟರಿನ ಕಡೆಯ ತುದಿಯಲ್ಲಿ, ವೈರಿನ ಮೇಲೆ ತೊಡಿಸಿದ ಕಪ್ಪು ಪ್ಲಾಸ್ಟಿಕ್ ಸ್ಲೀವಿನ ಒಳಗೆ, ಮೂರನೇ ವೈರಿನ ಬೀಪ್ ತಡವರಿಸಿ ನಿಂತಿತು. ಬೆರಳು ಬಿಟ್ಟರೆ ಮತ್ತೆ ಬಂತು.

ಬ್ಲೇಡಿನಿಂದ ಸ್ಲೀವನ್ನು ಸೀಳಿದೆ. ಪಿನ್ನು ವೈರಿನ ಮೇಲೆ ಸೊಟ್ಟಗೆ ಕೂತಿತ್ತು. ಒಳಗಿನ ತಂತಿ ಎಳೆಗಳಲ್ಲಿ ಎರಡು ಬಿಟ್ಟು ಉಳಿದವು ಕತ್ತರಿಸಿಹೋಗಿದ್ದವು. ಕತ್ತಿಯಿಂದ ಪ್ಲಾಸ್ಟಿಕ್ ಬಿಡಿಸುವಾಗ ತಂತಿಗೂ ಗಾಯವಾದರೆ ಹೀಗಾಗುತ್ತದೆ. ಮೋಟರಿನ ಅದುರಿಗೆ ಗಾಯದ ಎಳೆಗಳು ಒಂದೊಂದಾಗಿ ತುಂಡಾಗುತ್ತಾ ಬರುತ್ತವೆ. ಇಂಥ ಸ್ಟೆಪ್ಪರ್ ಮೋಟರಿನಲ್ಲಿ ಎರಡು ತಂತಿಸುರುಳಿ; ಒಂದಕ್ಕೆ ಕರೆಂಟು ತಪ್ಪಿದರೆ ಅದು ತಿರುಗಲಾರದು, ಬರೀ ನಡುಗುತ್ತದೆ.

ನೆನಪು ತಕ್ಷಣ ಬಂತು. ಹಿಂದಿನ ವರ್ಷ, ಅವರ ಮನೆಯಲ್ಲೇ. ನನ್ನ ಟೂಲನ್ನು ಮರೆತು ಹೋಗಿದ್ದೆ. ಸಂಜೆ ಅವರ ಗೆಳೆಯರು ಹಲ್ಲಿ ನೋಡಲು ಬರುವವರಿದ್ದರು. ತರಕಾರಿ ಕತ್ತಿಯಲ್ಲಿ ವೈರು ಬಿಡಿಸಿ, ಸಾದಾ ಇಕ್ಕಳದಲ್ಲಿ ಅದುಮಿ, ಮೇಲೆ ಸ್ಲೀವು ಎಳೆದಿದ್ದೆ. ಆಮೇಲೆ ಬಿಚ್ಚಿ ಹೊಸದು ಹಾಕೋಣ ಎಂದುಕೊಂಡವಳು ಮರೆತೇಬಿಟ್ಟೆ. ನೋಟ್‌ಬುಕ್ ತೆರೆದು ಮೊದಲ ಭಾನುವಾರದ ಪುಟ ನೋಡಿದೆ. ಎಡ ಮೋಟರು, ಮೋಟರಿನ ತುದಿ, ಮೂರನೇ ವೈರು. ಮುಂದೆ ಟಿಕ್. ಇದೊಂದನ್ನು ಮಾತ್ರ ಎಳೆದು ನೋಡಿರಲಿಲ್ಲ. ಸ್ಲೀವು ಬಿಚ್ಚಿರಲಿಲ್ಲ. ನನ್ನ ಕ್ರಿಂಪು ಎಂಬ ಒಂದೇ ಕಾರಣಕ್ಕೆ ಟಿಕ್ ಹಾಕಿದ್ದೆ.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅವರ ಮೇಲೆ ಇತ್ತು, ಅದು ಹೋಗಿರಲಿಲ್ಲ. ಮಾಮನ ಮೇಲೂ ಇತ್ತು. ಈಗ ನನ್ನ ಮೇಲೂ ಬಂತು. ಇದು ಬೇರೆ ಥರದ್ದು, ನುಂಗಲೂ ಆಗದ್ದು.

ಹೊಸ ಪಿನ್ನು ಹಾಕಲು ಐದು ನಿಮಿಷ ಸಾಕಿತ್ತು. ಹಾಕಿದೆ. ಎಳೆದು ನೋಡಿದೆ. ಎಡಗಡೆಯ ಮೋಟರು ಬೆಣ್ಣೆಯ ಹಾಗೆ ತಿರುಗಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡ್ರೈವರ್ ಬಿಸಿಯಾಗಿತ್ತು ಎಂದು ಆಗಲೇ ಹೇಳಿಯಾಗಿತ್ತು. ಒಂದು ಸಣ್ಣ ಫ್ಯಾನು ತೂಗುಹಾಕಿದ್ದರೆ ಎಲ್ಲರೂ ನಂಬುತ್ತಿದ್ದರು, ತಂಗಿಯ ಗಂಡನೂ ನಂಬುತ್ತಿದ್ದರು. ಕತ್ತರಿಸಿದ ತುದಿಯನ್ನು ಕಸದ ಡಬ್ಬಕ್ಕೆ ಹಾಕಿದೆ. ಫ್ಯಾನು ಹುಡುಕಲು ಕೆಳಗಿಳಿದೆ. ಹಳೆಯ ಕಂಪ್ಯೂಟರಿನದೊಂದು ಸಿಕ್ಕಿತು ಕೂಡ. ಅದಕ್ಕೆ ವೈರು ಬಿಡಿಸಲು ಕೂತಾಗ ಕೈ ಮುಂದುವರಿಯಲಿಲ್ಲ. ಬೇಡದ ಫ್ಯಾನಿಗೆ ಒಳ್ಳೆಯ ಕ್ರಿಂಪು ಹಾಕಲು ಹೊರಟಿದ್ದೆ. ಇಷ್ಟು ವರ್ಷದಲ್ಲಿ ಸುಳ್ಳು ಹೇಳಲೆಂದು ಒಂದು ಕ್ರಿಂಪನ್ನೂ ಹಾಕಿದವಳಲ್ಲ ನಾನು. ಫ್ಯಾನನ್ನು ಬದಿಗಿಟ್ಟು ಮೇಲೆ ಹೋಗಿ ಕಸದ ಡಬ್ಬವನ್ನು ತಾರಸಿಯ ಮೇಲೆ ಬೋರಲು ಹಾಕಿದೆ. ತುದಿ ಸಿಕ್ಕಿತು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೀಲದಲ್ಲಿ ಇಟ್ಟುಕೊಂಡೆ.

ಸೋಮವಾರ ರಜ ಹಾಕಿ ವಿಹಾರಕ್ಕೆ ಹೋದೆ. ತಂಗಿಯ ಗಂಡ ನನಗಿಂತ ಮೊದಲೇ ಬಂದು ರೋಲರ್ ಹಿಡಿದು ಹಸಿರು ಗೆರೆಯ ಮೇಲೆ ಬಿಳಿ ಬಣ್ಣ ಎಳೆಯುತ್ತಿದ್ದರು. ಪ್ಯಾಂಟಿನ ಮೇಲೆಲ್ಲ ಬಿಳಿ. ಅಧ್ಯಕ್ಷರು ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದರು. ಕವರನ್ನು ಟೇಬಲಿನ ಮೇಲೆ ಇಟ್ಟೆ.

"ಡ್ರೈವರ್ ಅಲ್ಲ. ಶನಿವಾರ ಕೆಟ್ಟಿದ್ದು ಇದು. ನಾನೇ ಹಾಕಿದ ಕ್ರಿಂಪು. ನೋಡದೇ ಇದನ್ನ ಸರಿ ಇದೆ ಅಂತ ಬರ್ದಿದ್ದೆ."

ತಂಗಿಯ ಗಂಡ ರೋಲರನ್ನು ಡಬ್ಬಕ್ಕೆ ಒರಗಿಸಿ ಬಂದು ಕವರನ್ನು ಬೆಳಕಿಗೆ ಹಿಡಿದರು. ತುಟಿಯ ತುದಿಯಲ್ಲಿ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

"ಹಂಗಾದ್ರೆ ನಾನ್ ಹೇಳಿದ್ದೇ ಆಯ್ತಲ್ಲ ಅಕ್ಕ. ವೈರಿಂಗು."

"ಇಲ್ಲ," ಅಂದೆ. ನನ್ನ ದನಿ ಹಜಾರದಲ್ಲಿ ದೊಡ್ಡದಾಗಿಯೇ ಕೇಳಿಸಿತು. "ನೀವು ಹೇಳಿದ್ದು ಸಂಪರ್ಕ ಹೋಗೋದಕ್ಕೆ. ಅದಕ್ಕೆ ಕಾರಣ ನಿಮ್ಮ ಸರ್ವೋ. ಇದು ಬೇರೆ. ಇದನ್ನ ನೀವು ಹುಡುಕ್ಲಿಲ್ಲ, ನಾನು ಹುಡುಕ್ದೆ. ನೀವು ಕೂತಲ್ಲಿಂದ ನನ್ನ ಹೆಸರು ಹೇಳಿದ್ರಿ ಅಷ್ಟೇ. ನಾನೂ ಶನಿವಾರ ನೋಡದೆ ಡ್ರೈವರ್ ಹೆಸರು ಹೇಳ್ದೆ. ನಂದೂ ತಪ್ಪು. ಆದ್ರೆ ನಾನು ಹೇಳಿದ್ದು ಒಂದು ಚಿಪ್ಪಿನ ಬಗ್ಗೆ. ನೀವು ಹೇಳಿದ್ದು ನನ್ನ ಬಗ್ಗೆ."

ಅವರ ನಗು ಹೋಯಿತು. ಕವರನ್ನು ಮೆಲ್ಲಗೆ ಟೇಬಲಿನ ಮೇಲೆ ಇಟ್ಟರು.

"ನೋಡ್ದೆ ಹೇಳಿದೆ. ಹೌದು," ಅಂದರು.

ಅಧ್ಯಕ್ಷರು ಪೇಪರು ಮಡಚಿದರು. "ಈಗ ಓಡತ್ತೋ ಇಲ್ವೋ ಅದನ್ನ ಹೇಳಿ ಇಬ್ರೂ."

ಓಡಿಸಬೇ‌ಕಾದರೆ ಮೊದಲು ಹಲಗೆ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಸಬೇಕಿತ್ತು. ಜಾರಿದ ಮೇಲೆ ಅದರ ಲೆಕ್ಕವೆಲ್ಲ ತಪ್ಪಿರುತ್ತದೆ. ಎರಡೂ ಮೋಟರಿನಿಂದ ಹಲಗೆಗೆ ಇರುವ ದೂರವನ್ನು ಟೇಪಿನಲ್ಲಿ ಅಳೆದು ಕೊಡಬೇಕು, ಒಂದು ಮಿಲಿಮೀಟರು ಹೆಚ್ಚು ಕಡಿಮೆಯಾದರೆ ಹೊಸ ಎಲೆ ಹಳೆ ಎಲೆಯ ಮೇಲೆ ಕೂರುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ನಾನು ಏಣಿಯ ಮೇಲೆ ಟೇಪಿನ ತಲೆ ಹಿಡಿದೆ, ಅವರು ಕೆಳಗೆ ಅಂಕಿ ಓದಿದರು. ನಾಲ್ಕು ಸಲ ಅಳೆದೆವು. ಮೂರನೇ ಸಲ ಅವರೇ, "ಇನ್ನೊಂದ್ಸಲ ನೋಡೋಣ ಅಕ್ಕ," ಅಂದರು.

ಬಿಳಿ ಒಣಗಿದ ಮೇಲೆ ಅಳಿಸಿದ ಕೊಂಬೆ, ಕಾಂಡ ಬರೆಸಿ, ಆಮೇಲೆ ಎಲೆ ಹಿಡಿದೆವು. ಸೋಮವಾರ, ಮಂಗಳವಾರ ಎರಡೂ ದಿನ ಬೆಳಗ್ಗೆಯಿಂದ ಸಂಜೆ ಪ್ರಾರ್ಥನೆಗೆ ಜನ ಬರುವವರೆಗೆ. ನಾನು ಗಂಟೆಗೊಮ್ಮೆ ಏಣಿ ಹತ್ತಿ ಮೋಟರು, ಡ್ರೈವರು ಮುಟ್ಟಿ ಬಿಸಿ ನೋಡುತ್ತಿದ್ದೆ. ಅವರು ಎಲೆ ಎಣಿಸುತ್ತಿದ್ದರು. ಬಾಟಲಿ ತುಂಬಬೇಕಾದಾಗ ನಿಲ್ಲಿಸುತ್ತಿದ್ದೆವು. ಮನೆಯ ವಿಷಯ, ತಂಗಿಯ ವಿಷಯ ಒಂದನ್ನೂ ಆಡಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ, ಅವರದೂ ಇಳಿದಿರಲಾರದು. ಆದರೆ ಬುಧವಾರಕ್ಕೆ ಮರ ನಿಂತಿತು. ಹಳೆಯ ಗೆರೆಯ ಜಾಗದಲ್ಲಿ ಬಿಳಿ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಓರೆಯಿಂದ ನೋಡಿದರೆ ಮಾತ್ರ.

ಪೂರ್ಣಿಮೆಯ ದಿನ ಬೆಳಗ್ಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಸೀರೆ, ಬಿಳಿ ಅಂಗಿ. ವಂದನೆ ಮುಗಿಯಿತು. ಜನ ಮರದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಪಾಯಸದ ಪಾತ್ರೆ ಒಳಗೆ ಬಂತು. ಬಡಿಸುವ ಮುಂಚೆ ಅಧ್ಯಕ್ಷರು ಮೈಕು ಹಿಡಿದರು. ತಂಗಿ ಮತ್ತು ನಾನು ಮೂರನೇ ಸಾಲಿನಲ್ಲಿ ಕೂತಿದ್ದೆವು, ಅವಳ ಗಂಡ ಗಂಡಸರ ಕಡೆ.

"ಈ ಮರ ನೋಡಿ ಎಲ್ರೂ ಕೇಳ್ತಿದ್ದೀರಿ. ನಮ್ಮ ಲಿಂಗರಾಜಪುರದ ಅಳಿಯಂದಿರು ಸಾಫ್ಟ್‌ವೇರ್ ಇಂಜಿನಿಯರು. ತಮ್ಮ ಕೈಯಾರೆ ರೋಬೋ ಮಾಡಿ ಬರೆಸಿದಾರೆ. ನಮ್ಮ ಹುಡುಗಿನೂ ವೈರು ಗಿರು ಹಿಡಿದು ಸಹಾಯ ಮಾಡಿದ್ಳು. ಚಪ್ಪಾಳೆ ತಟ್ಟಿ."

ನನಗೆ ನಲವತ್ತೊಂಬತ್ತು ವರ್ಷ. ತಂಗಿಯ ಗಂಡ ಅರ್ಧ ಎದ್ದದ್ದು ನನಗೆ ಕಾಣಿಸಿತು. ಅವರು ಏನೋ ಹೇಳುವವರಿದ್ದರು, ಒಳ್ಳೆಯದನ್ನೇ ಹೇಳುತ್ತಿದ್ದರೇನೋ. ಅವರು ಹೇಳುವವರೆಗೆ ಕಾಯಲು ನನಗೆ ಮನಸ್ಸಿರಲಿಲ್ಲ. ಎದ್ದು ನಿಂತೆ.

"ಮಾಮ, ಸಹಾಯ ಅಲ್ಲ."

ಮಿಷನ್ನುಗಳ ನಡುವೆ ಮಾತಾಡಿ ಬೆಳೆದ ದನಿ, ಮೈಕು ಬೇಕಾಗಲಿಲ್ಲ. ಚಪ್ಪಾಳೆ ಅಲ್ಲಲ್ಲೇ ನಿಂತಿತು.

"ಕಂಪ್ಯೂಟರ್ ಕೆಲಸ ಅವರದು. ಮೋಟರು, ವೈರು, ಕರೆಂಟು ನಂದು. ಆ ಶನಿವಾರ ಗೋಡೆ ಹಾಳಾಗಿದ್ದು ನನ್ನ ಕೆಲಸದಿಂದ. ಸರಿ ಮಾಡಿದ್ದೂ ನಾನೇ. ಎರಡನ್ನೂ ಹೇಳಿ."

"ಆಯ್ತು, ಕೂತ್ಕೋಮ್ಮ. ಎಲ್ರಿಗೂ ಗೊತ್ತಲ್ಲ."

"ಎಲ್ರಿಗೂ ಗೊತ್ತಿಲ್ಲ ಮಾಮ. ಮೈಕಲ್ಲಿ ಹೇಳಿ."

ತಂಗಿ ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ಸಡಿಲಾಯಿತು. ಪಾಯಸದ ಸೌಟು ಹಿಡಿದಿದ್ದ ಹೆಂಗಸು ಹಾಗೇ ನಿಂತಿದ್ದಳು. ಅಧ್ಯಕ್ಷರು ಒಮ್ಮೆ ನನ್ನನ್ನು, ಒಮ್ಮೆ ಜನರನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಮೈಕಿನಲ್ಲಿ ಹೇಳಿದರು, ಮೋಟರಿನದನ್ನೂ ವೈರಿನದನ್ನೂ, ಹಾಳಾದದ್ದನ್ನೂ ಸರಿಯಾದದ್ದನ್ನೂ, ನಾನು ಹೇಳಿದ ಕ್ರಮದಲ್ಲೇ.

ಅವರು ಮುಗಿಸಿದ ಮೇಲೆ ಕೂತೆ.